ಸದ್ದಿಲ್ಲದ ಗಾಡಿಗೆ ನಾಲ್ಕು ನಿಂಬೆಹಣ್ಣು

ಕಳೆದ ಭಾನುವಾರದಿಂದ ನನಗೆ ನಿಂತ ಕಾರುಗಳನ್ನು ಕಂಡರೆ ಭಯ.

ಓಡುವ ಕಾರಿನ ಭಯ ಎಲ್ಲರಿಗೂ ಇರುವುದೇ. ನಾನು ಹೇಳುತ್ತಿರುವುದು ರಸ್ತೆ ಬದಿಗೆ ಸುಮ್ಮನೆ ನಿಂತಿರುತ್ತದಲ್ಲ, ಒಳಗೆ ಯಾರೋ ಮೊಬೈಲ್ ನೋಡುತ್ತ ಕೂತಿರುತ್ತಾರಲ್ಲ, ಅಂಥ ಕಾರು. ಹಿಂದವಾಡಿಯ ನಮ್ಮ ಗಲ್ಲಿಯಲ್ಲಿ ಅಂಥದ್ದೊಂದರ ಮುಂದೆ ಹಾದುಹೋಗಬೇಕಾದರೆ ಈಗ ಆಚೆ ಬದಿಗೆ ದಾಟಿಬಿಡುತ್ತೇನೆ. ನಿನ್ನೆ ಹಾಗೆ ದಾಟಲು ಹೋಗಿ ಸ್ಕೂಟರಿಗೆ ಅಡ್ಡ ಬಂದೆ. (ಬೈಸಿಕೊಂಡೆ. ಮರಾಠಿಯಲ್ಲಿ ಒಮ್ಮೆ, ಅರ್ಥವಾಗಲಿಲ್ಲವೇನೋ ಅಂತ ಕನ್ನಡದಲ್ಲಿ ಇನ್ನೊಮ್ಮೆ.)

ನಾನು ಅಂಜುಬುರುಕಿ ಎಂಬುದು ಈ ಅಂಕಣ ಓದುವವರಿಗೆ ಹೊಸ ಸುದ್ದಿಯೇನಲ್ಲ. ಹಲ್ಲಿ, ಲಿಫ್ಟು, ಗ್ಯಾಸ್ ಸಿಲಿಂಡರು, ಎಲ್ಲದರ ಬಗ್ಗೆಯೂ ನಿಮ್ಮ ಮುಂದೆ ಗೋಳಾಡಿದ್ದಾಗಿದೆ. ಆದರೆ ಈ ಸಲದ ಅಂಜಿಕೆಯನ್ನು ನಕ್ಕು ಮರೆಯಲು ಆಗುತ್ತಿಲ್ಲ.

ಇನ್ನೂ ಮಾರುಕಟ್ಟೆಗೆ ಬಾರದ ಒಂದು ಎಲೆಕ್ಟ್ರಿಕ್ ಕಾರಿನ ಹುಚ್ಚು ನಮ್ಮ ಮನೆಯವರಿಗೆ ಹತ್ತಿ ಬಹಳ ದಿನವಾಯಿತು. ಕಾರು ಶೋರೂಮಿಗೆ ಬಂದಿಲ್ಲ, ನಮ್ಮ ಮನೆಗೆ ಮಾತ್ರ ಆಗಲೇ ಬಂದಿದೆ. ಊಟಕ್ಕೆ ಕೂತರೆ ಅದರ ಹೆಡ್‌ಲೈಟು. ಚಹಾಕ್ಕೆ ಕೂತರೆ ಅದರ ಬ್ಯಾಟರಿ. ಇದಕ್ಕೆಂದೇ ಒಂದು ವಾಟ್ಸಪ್ ಗ್ರೂಪ್ ಇದೆ. ಮೈತುಂಬ ಕಪ್ಪು-ಬಿಳಿ ಸ್ಟಿಕರ್ ಸುತ್ತಿಕೊಂಡು ಟೆಸ್ಟಿಂಗಿಗೆ ಓಡಾಡುವ ಕಾರಿನ ಫೋಟೊವನ್ನು ಯಾರೋ ಹೈವೇದಲ್ಲಿ ಕದ್ದು ತೆಗೆದು ಅದರಲ್ಲಿ ಹಾಕುತ್ತಾರೆ. ನನಗೆ ಅದರಲ್ಲಿ ಸ್ಟಿಕರ್ ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ಗ್ರೂಪಿನವರಿಗೆ ಎಲ್ಲವೂ ಕಾಣಿಸುತ್ತದೆ. ಬಾಗಿಲ ಹಿಡಿಕೆ ಒಳಗೆ ಸರಿಯುವಂಥದ್ದು ಅಂತ ಒಬ್ಬರು, ಇಲ್ಲ ಹೊರಗೇ ಇರುತ್ತದೆ ಅಂತ ಇನ್ನೊಬ್ಬರು. ಎದುರು ಮನೆಯ ಕುಲಕರ್ಣಿ ಕಾಕಾ ಆ ಮಸುಕು ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿ, ಕಾರಿನ ಮಾಳಿಗೆಯೆಲ್ಲ ಗಾಜಿನದ್ದೇ ಇರಬೇಕು ಅಂತ ತೀರ್ಪು ಕೊಟ್ಟಿದ್ದಾರೆ.

ಮೊದಲ ಲಾಟಿನಲ್ಲಿ ಬುಕ್ ಮಾಡಿದವರೇ ಜಾಣರಂತೆ. ತಡ ಮಾಡಿದವರು ವರ್ಷಗಟ್ಟಲೆ ಕಾಯಬೇಕಂತೆ. ಬೆಲೆ ಗೊತ್ತಿಲ್ಲ, ಬಣ್ಣ ಗೊತ್ತಿಲ್ಲ, ಒಂದು ಚಾರ್ಜಿಗೆ ಎಷ್ಟು ದೂರ ಹೋಗುತ್ತದೋ ಗೊತ್ತಿಲ್ಲ. ಕ್ಯೂ ಮಾತ್ರ ಇದೆ! ಹುಡುಗಿಯ ಮುಖ ನೋಡದೆ ಮದುವೆಗೆ ಒಪ್ಪುತ್ತಿದ್ದ ಕಾಲವನ್ನು ಆಡಿಕೊಂಡು ನಗುತ್ತೇವಲ್ಲ, ಇದೇನು ಮತ್ತೆ? ನಮ್ಮ ಮನೆಯವರೂ ಆ ಕ್ಯೂದಲ್ಲಿ ಹೆಸರು ಬರೆಸಿದರು.

ಹೆಸರು ಬರೆಸಿದವರು ಕಾದು ಕಾದು ಬೇಸತ್ತು ಬೇರೆ ಕಂಪನಿಯ ಕಡೆ ಹೋದರೆ? ಶೋರೂಮಿನವರು ಅದಕ್ಕೂ ಉಪಾಯ ಮಾಡಿದ್ದಾರೆ. ಈಗ ಮಾರಾಟದಲ್ಲಿರುವ ಎಲೆಕ್ಟ್ರಿಕ್ ಕಾರನ್ನೇ ಒಂದು ದಿನ ಓಡಿಸಿ ನೋಡಲು ಕೊಡುತ್ತಾರೆ. ಬರಲಿರುವುದು ಇದರ ತಮ್ಮನೇ, ಗುಣವೆಲ್ಲ ಇದರದ್ದೇ ಅನ್ನುತ್ತಾರೆ. ಭಾನುವಾರ ಅದು ನಮಗೆ ಸಿಕ್ಕಿತು. ಬೀಡಿ ಎಂಬ ಹಳ್ಳಿಗೆ ಹೋಗಿ ಶಾಂತಕ್ಕನಿಗೆ ತೋರಿಸಿಕೊಂಡು ಬರೋಣ ಅಂದರು ನಮ್ಮ ಮನೆಯವರು.

ಶಾಂತಕ್ಕ ಇವರ ಸ್ವಂತ ಅಕ್ಕ. ಖಾನಾಪುರ ತಾಲೂಕಿನ ಬೀಡಿಯಲ್ಲಿ ಹೊಲ, ಎಮ್ಮೆ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಎಮ್ಮೆಗಳನ್ನು ಇವತ್ತಿಗೂ ಅವರೇ ಹಿಂಡುತ್ತಾರೆ. ಬೇರೆಯವರ ಕೈ ತಗುಲಿದರೆ ಅವು ಹಾಲು ಇಳಿಸುವುದಿಲ್ಲ. ನಮ್ಮ ಮನೆತನದಲ್ಲಿ ಯಾರು ಗಾಡಿ ಕೊಂಡರೂ, ಅದು ಮೋಟಾರ್ ಸೈಕಲ್ಲೇ ಇರಲಿ ಟ್ರ್ಯಾಕ್ಟರೇ ಇರಲಿ, ಮೊದಲು ಬೀಡಿಗೆ ಹೋಗಬೇಕು. ಶಾಂತಕ್ಕ ಗಾಲಿಗೆ ನೀರು ಹಾಕಿ, ಕುಂಕುಮ ಹಚ್ಚಿ, ತಮ್ಮ ಕೈಯಿಂದಲೇ ಒಂದೊಂದು ಗಾಲಿಯ ಕೆಳಗೂ ನಿಂಬೆಹಣ್ಣು ಇಡಬೇಕು. ಗಾಡಿ ಅದನ್ನು ಹಿಸುಕಿ ಮುಂದೆ ಹೋದ ಮೇಲೆಯೇ ನಮಗೆ ಅದರಲ್ಲಿ ಕೂರುವ ಧೈರ್ಯ.

ಹೋಗುವ ದಾರಿಯಲ್ಲೇ ನನ್ನ ಜೀವ ಅರ್ಧವಾಗಿತ್ತು. ಖಾನಾಪುರ ದಾಟಿದ ಮೇಲೆ ಆ ಟಿವಿಯಂಥ ಸ್ಕ್ರೀನಿನಲ್ಲಿ ಬ್ಯಾಟರಿಯ ಅಂಕಿ ಇಳಿಯುವುದನ್ನೇ ನೋಡುತ್ತ ಕೂತೆ. ನಂದಗಡ ಬರುವಷ್ಟರಲ್ಲಿ ಇವರು ಎಸಿ ಬಂದ್ ಮಾಡಿದರು. (ಸೆಖೆ ಇಲ್ಲ ಅಂದರು. ಹಣೆ ಒರೆಸಿಕೊಳ್ಳುತ್ತಲೇ ಅಂದರು.) ಕಾರಿನೊಳಗೆ ಎಷ್ಟು ನಿಶ್ಶಬ್ದವೆಂದರೆ ನನ್ನ ಎದೆ ಹೊಡೆದುಕೊಳ್ಳುವುದು ನನಗೇ ಕೇಳುತ್ತಿತ್ತು. ಹೆಂಗೈತಿ ಸ್ಮೂತ್, ಅಂತ ಇವರು ಕೇಳುತ್ತಲೇ ಇದ್ದರು.

ಬೀಡಿಯಲ್ಲಿ ನೋಡಿದರೆ ಅಂಗಳಕ್ಕೆ ಸೆಗಣಿ ಸಾರಿಸಿ ರಂಗೋಲಿ ಹಾಕಿದೆ! ಗಾಡಿ ತರುತ್ತಿದ್ದೇನೆ ಅಂತಷ್ಟೇ ಇವರು ಫೋನಿನಲ್ಲಿ ಹೇಳಿದ್ದರು. ಯಾರ ಗಾಡಿ ಅಂತ ಹೇಳಿರಲಿಲ್ಲ. ಶಾಂತಕ್ಕ ಹೊಸ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ಹಾಕಿಕೊಂಡು, ಆರತಿ ತಟ್ಟೆ ಹಿಡಿದು ನಿಂತಿದ್ದರು. ಇದು ನಮ್ಮದಲ್ಲ, ಸಂಜೆಗೆ ಶೋರೂಮಿಗೆ ವಾಪಸ್ ಕೊಡಬೇಕು ಅಂತ ಹೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ. ಪೂಜೆ ಮಾಡಲಿ ಬಿಡು, ಕಾರಿಗೇನು ನೋವಾಗುತ್ತದೆಯೇ ಅಂತ ಇವರು ನನ್ನ ಕಿವಿಯಲ್ಲಿ ಅಂದರು. ಪರರ ಕಾರಿಗೆ ನಮ್ಮ ಮನೆತನದ ಪೂಜೆ! ನನಗೆ ಒಳಗೊಳಗೇ ನಗು ಬಂತು. ಅವತ್ತು ನಾನು ನಕ್ಕದ್ದು ಅದೇ ಕೊನೆ.

ಓಣಿಯವರು ನೆರೆದರು. ಮಳೆಯಲ್ಲಿ ಶಾಕ್ ಹೊಡೆಯುವುದಿಲ್ಲವೇ ಅಂತ ಒಬ್ಬ ಅಜ್ಜ. ಖಾನಾಪುರದಲ್ಲಿ ಚಾರ್ಜ್ ಮಾಡುವುದು ಎಲ್ಲಿ ಅಂತ ಇನ್ನೊಬ್ಬರು. ಇದರಲ್ಲಿ ಟ್ರ್ಯಾಕ್ಟರ್ ಯಾವಾಗ ಬರುತ್ತದೆ, ಬಂದರೆ ಹೇಗಿರುತ್ತದೆ ಅಂತ ಮೂವರು ತಮ್ಮತಮ್ಮಲ್ಲೇ ವಾದಕ್ಕೆ ಬಿದ್ದರು. ಎದುರಿನ ಹಿಟ್ಟಿನ ಗಿರಣಿ ಬೇರೆ ಜೋರಾಗಿ ನಡೆದಿತ್ತು.

ಇವರು ಸ್ಟೇರಿಂಗ್ ಮುಂದೆ ಕೂತರು. ನಾನು ನೀರು ತುಂಬಿದ ಹಿತ್ತಾಳೆ ತಂಬಿಗೆ ಹಿಡಿದು ಕಾರಿನ ಮುಂದೆ ಒಂದು ಬದಿಗೆ ನಿಂತೆ. ಶಾಂತಕ್ಕ ಹಿಂದಿನ ಎರಡು ಗಾಲಿಗೆ ನಿಂಬೆಹಣ್ಣು ಇಟ್ಟರು. ಮುಂದೆ ಬಂದು ಒಂದಕ್ಕೆ ಇಟ್ಟರು. ಕೊನೆಯದಕ್ಕೂ ಇಟ್ಟು ಎದ್ದು ನಿಂತರು. ಆಗ ಆ ಕೊನೆಯ ಹಣ್ಣು ಸಾರಿಸಿದ ಅಂಗಳದಲ್ಲಿ ಉರುಳಿತು. ಅದನ್ನು ಗಾಲಿಯ ಕೆಳಗೆ ಮತ್ತೆ ಒತ್ತಿ ಇಡಲು ಅಕ್ಕ ಬಗ್ಗಿದರು.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಇಷ್ಟು ವರ್ಷ ನಮ್ಮಲ್ಲಿ ನಡೆದುಬಂದ ಪದ್ಧತಿ ಏನೆಂದರೆ, ನಿಂಬೆಹಣ್ಣು ಇಡುವಾಗ ಗಾಡಿ ಬಂದ್ ಇರುತ್ತದೆ. ಅಕ್ಕ ಹಿಂದೆ ಸರಿದು ಚಾಲೂ ಮಾಡು ಅಂದ ಮೇಲೆ ಕೀಲಿ ತಿರುಗುತ್ತದೆ. ಇಂಜಿನ್ ಗುರ್ ಅನ್ನುತ್ತದೆ. ಎಲ್ಲರೂ ಇನ್ನೊಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಈ ಗಾಡಿಗೆ ಸದ್ದೇ ಇಲ್ಲವಲ್ಲ, ಮೊದಲೇ ಚಾಲೂ ಮಾಡಿ ಇಟ್ಟರೆ ಏನಾಯಿತು ಅಂತ ಇವರು ಬಟನ್ ಒತ್ತಿ, ಗೇರ್ ಹಾಕಿ, ಬ್ರೇಕ್ ಮೇಲೆ ಕಾಲಿಟ್ಟು ಕೂತಿದ್ದರು. ಅದು ಹೊರಗಿದ್ದ ಯಾರಿಗೂ ಗೊತ್ತಿಲ್ಲ. ಅಕ್ಕ ಎದ್ದು ನಿಂತದ್ದು ಇವರಿಗೆ ಕಾಣಿಸಿತು. ಮತ್ತೆ ಬಗ್ಗಿದ್ದು ಆ ಎತ್ತರದ ಬಾನೆಟ್ಟಿನ ಮರೆಯಲ್ಲಿ ಕಾಣಿಸಲಿಲ್ಲ. ಪೂಜೆ ಮುಗಿಯಿತು ಅಂದುಕೊಂಡು ಬ್ರೇಕಿನಿಂದ ಕಾಲು ಎತ್ತಿದರು. ಎತ್ತಿದರೆ ಸಾಕು, ಈ ಗಾಡಿ ತಾನಾಗಿ ಮುಂದೆ ಸರಿಯುತ್ತದೆ.

ಗಾಲಿ ತಿರುಗಿದ್ದನ್ನು ನಾನು ನೋಡಿದೆ. ನೋಡಿದೆ ಅಷ್ಟೇ. ಹಲ್ಲಿ ಕಂಡರೆ ಮೂರು ಮನೆಗೆ ಕೇಳುವಂತೆ ಕಿರುಚುವವಳು ನಾನು, ಗಂಟಲಿನಿಂದ ಒಂದು ಅಕ್ಷರ ಹೊರಡಲಿಲ್ಲ. ಕಾರು ಬೆಕ್ಕಿನ ಹಾಗೆ ಮುಂದೆ ಬಂತು. ಅಕ್ಕನ ಬಲಗೈ ಗಾಲಿಗೆ ತಾಗಿಯೇ ಇತ್ತು. ಓಣಿಯವರು ಟ್ರ್ಯಾಕ್ಟರ್ ವಾದದಲ್ಲೇ ಇದ್ದರು, ಗಿರಣಿ ತಿರುಗುತ್ತಲೇ ಇತ್ತು. ಕೈಯಲ್ಲಿದ್ದ ತಂಬಿಗೆಯನ್ನು ನಾನು ಬಾನೆಟ್ಟಿನ ಮೇಲೆ ಅಪ್ಪಳಿಸಿದೆ. ಯೋಚಿಸಿ ಮಾಡಿದ್ದೇನಲ್ಲ. ನೀರೆಲ್ಲ ಎದುರಿನ ಗಾಜಿಗೆ ಚಿಮ್ಮಿತು. ಬೆಚ್ಚಿಬಿದ್ದು ಇವರು ಬ್ರೇಕ್ ತುಳಿದರು.

ಕಾರು ನಿಂತಾಗ ಗಾಲಿ ಅಕ್ಕನ ಸೆರಗಿನ ಮೇಲಿತ್ತು. ಕೈ ಎಳೆದುಕೊಂಡ ರಭಸಕ್ಕೆ ಎರಡು ಬಳೆ ಒಡೆದು ಮಣಿಕಟ್ಟು ಗೀರಿ ರಕ್ತ ಬಂದಿತ್ತು. ಅಕ್ಕ ನೆಲದಲ್ಲೇ ಕೂತು ಬಲಗೈಯನ್ನು ಮುಷ್ಟಿ ಮಾಡಿದರು, ಬಿಚ್ಚಿದರು, ಮತ್ತೆ ಮುಷ್ಟಿ ಮಾಡಿದರು. ಎಲ್ಲ ಬೆರಳೂ ಮಡಚಿದವು. ಕೆಳಗಿಳಿದು ಓಡಿ ಬಂದ ತಮ್ಮನ ಮುಖವನ್ನು ಅಕ್ಕ ನೋಡಿದರು.

"ಗಾಡಿ ಚಾಲೂ ಇತ್ತೇನೋ ತಮ್ಮಾ? ನನಗ ಗೊತ್ತಽ ಆಗಲಿಲ್ಲಲ್ಲೋ."

 

ಬರುವಾಗ ಕಾರಿನ ಕಿಟಕಿಗಳನ್ನೆಲ್ಲ ಇಳಿಸಿ, ಎತ್ತಿನ ಗಾಡಿಯ ವೇಗದಲ್ಲಿ ಬಂದೆವು. ಎದುರು ಯಾರು ಕಂಡರೂ ಇವರು ಹಾರ್ನ್ ಒತ್ತುತ್ತಿದ್ದರು. ನಂದಗಡದ ಹತ್ತಿರ ಒಬ್ಬ ಕುರಿಗಾರ ನಮಗೆ ಬೆನ್ನು ಹಾಕಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಹಾರ್ನ್ ಕೇಳುವವರೆಗೂ ತಿರುಗಲಿಲ್ಲ. ಯಾಕೆ ತಿರುಗಬೇಕು? ಹಿಂದೆ ಗಾಡಿ ಬಂದರೆ ಸದ್ದಾಗುತ್ತದೆ ಅಂತ ನಂಬಿಯೇ ಅಲ್ಲವೇ ನಾವೆಲ್ಲ ರಸ್ತೆಗೆ ಇಳಿಯುವುದು? ಸದ್ದು ಕೇಳಿದರೆ ಮಗುವನ್ನು ಎಳೆದುಕೊಳ್ಳುತ್ತೇವೆ, ಕುರಿಯನ್ನು ಬದಿಗೆ ಹೊಡೆಯುತ್ತೇವೆ. ಬೆಳಿಗ್ಗೆ ಕೋಟೆಯ ಹತ್ತಿರ ವಾಕಿಂಗ್ ಹೋಗುವ ನಮ್ಮ ಹೆಂಗಸರ ಗುಂಪೂ ಹಾಗೆಯೇ, ರಸ್ತೆ ತುಂಬ ಹರಡಿಕೊಂಡು ಮಾತಾಡುತ್ತ ಹೋಗುತ್ತದೆ. ಸೋಮವಾರದಿಂದ ನಾನು ಹೋಗಿಲ್ಲ. ಕಾಲು ನೋವು ಅಂತ ಸುಳ್ಳು ಹೇಳಿದ್ದೇನೆ.

ಶೋರೂಮಿನ ಹುಡುಗ ಬಾನೆಟ್ಟಿನ ತಗ್ಗು ನೋಡಿದ. ಕಲ್ಲು ಬಡಿಯಿತು ಅಂತ ಇವರು, ತಂಬಿಗೆ ಬಡಿಯಿತು ಅಂತ ನಾನು, ಇಬ್ಬರೂ ಒಟ್ಟಿಗೇ ಅಂದೆವು. ಆಮೇಲೆ ನಡೆದದ್ದನ್ನು ನಾನೇ ಹೇಳಿದೆ. ನಿಧಾನಕ್ಕೆ ಹೋಗುವಾಗ ಈ ಕಾರು ಸಣ್ಣಗೆ ಗುಂಯ್ ಅನ್ನುತ್ತದೆ ಮೇಡಂ, ಗಿರಣಿಯ ಗದ್ದಲದಲ್ಲಿ ಕೇಳಿರಲಿಕ್ಕಿಲ್ಲ ಅಂದ. ಇರಬಹುದು. ಹಾಗಾದರೆ ಗಿರಣಿ ಇಲ್ಲದ ಊರಿನಲ್ಲಿ ಮಾತ್ರ ಮಾರುತ್ತೀರಾ ಅಂತ ಕೇಳಿದೆ. ಪಾಪ, ನಕ್ಕ. ಆಮೇಲೆ ಕಾರಿನ ಡಿಸೈನಿಗೆ ಎಷ್ಟು ಸ್ಟಾರ್ ಕೊಡುತ್ತೀರಿ ಅಂತ ಮೊಬೈಲ್ ಮುಂದೆ ಹಿಡಿದ.

ತಡೆಯಲಾರದೆ ಮನೆಗೆ ಬಂದು ಇವರ ಮೊಬೈಲಿನಿಂದಲೇ ಗ್ರೂಪಿಗೆ ಒಂದು ಪ್ರಶ್ನೆ ಹಾಕಿದೆ. ಬರಲಿರುವ ಕಾರು ಚಾಲೂ ಇದೆಯೋ ಬಂದ್ ಇದೆಯೋ ಅಂತ ಅದರ ಮುಂದೆ ನಿಂತವರಿಗೆ ಹೇಗೆ ಗೊತ್ತಾಗುತ್ತದೆ? ಕಾರಿನ ಹೊಟ್ಟೆಯೊಳಗಿನ ತಂತಿಯನ್ನೂ ಊಹಿಸಬಲ್ಲ ಆ ಪಂಡಿತರಲ್ಲಿ ಯಾರಾದರೂ ಉತ್ತರ ಕೊಡುತ್ತಾರೆ ಅಂದುಕೊಂಡೆ. ಒಬ್ಬರು ಹೆಬ್ಬೆರಳು ಎತ್ತಿದರು. ಇನ್ನೊಬ್ಬರು ಅದಕ್ಕೆ ಕೊಳಲಿನ ಟ್ಯೂನ್ ಹಾಕಿಸಿದರೆ ಮಸ್ತ್ ಇರುತ್ತದೆ ಅಂತ ಬರೆದರು. ಆಮೇಲೆ ಕೊಳಲೋ ವೀಣೆಯೋ ಅಂತ ಚರ್ಚೆ ಹೊರಳಿತು. ಕುಲಕರ್ಣಿ ಕಾಕಾ ದೇವಸ್ಥಾನದ ಗಂಟೆಯ ಪರ. ನನ್ನ ಪ್ರಶ್ನೆ ಮೇಲಕ್ಕೆ ಸರಿದು ಕಾಣದಾಯಿತು. ಎಲ್ಲರೂ ಆ ಕಾರಿನೊಳಗೆ ಕೂತೇ ಮಾತಾಡುತ್ತಿದ್ದರು. ಅದರ ಮುಂದೆ ನಿಂತು ನೋಡಿದವರು ಒಬ್ಬರೂ ಇರಲಿಲ್ಲ.

ಗುರುವಾರ ಶಾಂತಕ್ಕನಿಗೆ ಫೋನ್ ಮಾಡಿದೆ. ಗಾಯ ಒಣಗಿದೆಯಂತೆ. ಆದರೆ ಹಾಲು ಹಿಂಡಲು ಎಮ್ಮೆಯ ಕಾಲ ಬುಡದಲ್ಲಿ ಕೂತರೆ, ಅದು ಒಂದು ಹೆಜ್ಜೆ ಸರಿದರೂ ಸಾಕು, ಕೈ ತಾನಾಗಿ ಹಿಂದಕ್ಕೆ ಬರುತ್ತದಂತೆ. ಇಷ್ಟು ವರ್ಷದಲ್ಲಿ ಎಮ್ಮೆಗೆ ಅಂಜಿದ್ದೇ ಇಲ್ಲ ಅಂದರು. ಗಾಡಿಯ ಬಗ್ಗೆ ನಾನು ಕೇಳಿರಲಿಲ್ಲ. ಅವರೇ ತೆಗೆದರು.

"ಗಾಡಿ ಬ್ಯಾಡ ಅನ್ನೂದಿಲ್ಲ ತಂಗಿ, ತಗೊಳ್ರಿ. ಆದರ ಅದರ ಮುಂದ ಬಗ್ಗಾಕ ನನ್ನ ಕರೀಬ್ಯಾಡ್ರಿ."

ಅಕ್ಕ ಯಾವುದಕ್ಕೂ ಒಲ್ಲೆ ಅಂದದ್ದನ್ನು ನಾನು ಈವರೆಗೆ ಕೇಳಿರಲಿಲ್ಲ. ಫೋನ್ ಇಟ್ಟ ಮೇಲೆ ಇವರಿಗೆ ಹೇಳಿದೆ. ಕೇಳಿಸಿಕೊಂಡರು. ಆ ದಿನ ಗ್ರೂಪ್ ನೋಡಲೇ ಇಲ್ಲ. ಅಷ್ಟರಮಟ್ಟಿಗೆ ಬುದ್ಧಿ ಬಂತು ಅಂದುಕೊಂಡೆ.

ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತಿದ್ದೆವು. ಕಂಪನಿಯಿಂದ ಮೆಸೇಜ್ ಬಂತು. ಹೆಸರು ಬರೆಸಿದವರು ಬಣ್ಣ ಆರಿಸಬೇಕಂತೆ, ಬೇಡಿಕೆ ಬಹಳ ಇದೆಯಂತೆ, ತಡ ಮಾಡಿದರೆ ಬೇಕಾದ ಬಣ್ಣ ಸಿಗುವುದಿಲ್ಲವಂತೆ. ಇವರು ಅದನ್ನು ಎರಡು ಸಲ ಓದಿದರು. ಕಣ್ಣಲ್ಲಿ ಹಳೆಯ ಹೊಳಪು ಬಂತು. ಮೆಲ್ಲಗೆ ಕೇಳಿದರು, ಬಿಳಿ ತಗೊಳ್ಳೂಣೋ ನೀಲಿ ತಗೊಳ್ಳೂಣೋ ಅಂತ.

"ಯಾವುದರೆ ತಗೊಳ್ರಿ. ಸ್ಟೇರಿಂಗ್ ಮುಂದ ನಾ ಕುಂದರ್ತೀನಿ, ಲಿಂಬಿಹಣ್ಣ ಇಡಾಕ ಗಾಲಿ ಮುಂದ ನೀವು ಬಗ್ಗತೀರೇನು?"