ದುಗ್ಗಮ್ಮ ಹೇಳಿಕೊಡದ ಪ್ರಬಂಧ

ಕಲ್ಲುಗುಂಡಿಯ ದುಗ್ಗಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಣ್ಣಂದಿರ ಸ್ಲೇಟಿನಲ್ಲಿ ಅಕ್ಷರ ಕಲಿತು, ಮದುವೆಯಾದ ಮೇಲೆ ಪುರಾಣ ಓದುವಷ್ಟಾಗಿದ್ದಳು. ಮನೆಯಲ್ಲಿ ಎಲ್ಲರದೂ ಆ ಕಡೆಯ ಆಡುನುಡಿಯಾದ ಅರೆಭಾಷೆ. ಪುಸ್ತಕದ ಕನ್ನಡವೆಂದರೆ ಅವಳಿಗೆ ದೇವರ ಕೋಣೆಯಷ್ಟೇ ಭಯಭಕ್ತಿ. ಮಗಳು ದಮಯಂತಿ ಶಾಲೆಯ ಪ್ರಬಂಧ ಬರೆಯಲು ಕುಳಿತರೆ, ಒಲೆಯ ಬಳಿಯಿಂದಲೇ ಒಂದೊಂದು ವಾಕ್ಯ ಹೇಳುತ್ತಿದ್ದಳು. ಮಗಳು ಬರೆದುಕೊಳ್ಳುತ್ತಿದ್ದಳು. ತಾಯಿ ಎಂದ ಮೇಲೆ ಇಷ್ಟಾದರೂ ಮಾಡಬೇಡವೇ?

ಐವತ್ತೆಂಟನೇ ಇಸವಿಯಲ್ಲಿ ದಮಯಂತಿ ಎಂಟನೆಯ ತರಗತಿ. ಮುಂದೆ ಓದುವುದಾದರೆ ಸುಳ್ಯದಲ್ಲಿ, ಅತ್ತೆಯ ಮನೆಯಲ್ಲಿದ್ದುಕೊಂಡು.

"ತಾನಾಗಿ ಬರೀತಾಳೆ ಅಂತ ಮಾಸ್ಟ್ರು ಹೇಳಿದ್ರೆ ಕಳ್ಸುವ. ಇಲ್ಲದಿದ್ರೆ ಇಷ್ಟೇ ಸಾಕು," ಎಂದಿದ್ದ ಗಂಡ ಕುಶಾಲಪ್ಪ.

ಒಂದು ದಿನ ಧರ್ಮಪಾಲ ಮಾಸ್ಟ್ರು ದುಗ್ಗಮ್ಮನನ್ನು ದಾರಿಯಲ್ಲಿ ನಿಲ್ಲಿಸಿದರು. "ನಿಮ್ಮ ಪ್ರಬಂಧ ಭಾರೀ ಚಂದ ಉಂಟು. ಪರೀಕ್ಷೆಗೆ ಕೂರುದೂ ನೀವೆಯಾ?"

"ಎಂತ ಮಾಸ್ಟ್ರೇ ಹಾಗೆ ಹೇಳುದು?"

"ದನದ ಬಗ್ಗೆ ಬರೆ ಅಂದ್ರೆ 'ಗೋಮಾತೆಯು ಸಾಯಂಕಾಲದಲ್ಲಿ ಗೃಹಕ್ಕೆ ಆಗಮಿಸಿದಳು' ಅಂತ ಬರ್ದಿದ್ದಾಳೆ. ಮಕ್ಕಳು ಹಾಗೆ ಮಾತಾಡ್ತಾರಾ ಮಾರಾಯ್ರೆ? ಮನೆಗೆ ಬಂದ ನೆಂಟರ ಬಗ್ಗೆ ಅವಳೇ ಬರ್ದು ಸೋಮವಾರ ತರಲಿ. ಅದನ್ನು ನೋಡಿ ಕುಶಾಲಪ್ಪನಿಗೆ ಹೇಳ್ತೇನೆ."

ಏನು ಮಾಡುವುದೆಂದು ದುಗ್ಗಮ್ಮನಿಗೆ ತಿಳಿಯಲಿಲ್ಲ. ಹೇಳಿಕೊಟ್ಟರೆ ತಪ್ಪು. ಹೇಳಿಕೊಡದೆ ಮಗು ಸೋತರೆ? ಯೋಚಿಸುತ್ತಿದ್ದಾಗ ಒಂದು ವಿಷಯ ಹೊಳೆಯಿತು. ತೀರಿಹೋದ ಹಿರಿಯರಿಗೆ ಎಡೆ ಇಡುವ ದಿನ ಅಡುಗೆಯ ಉಪ್ಪು ನೋಡುವಂತಿಲ್ಲ. ಬಡಿಸಿ ಕೈಮುಗಿಯುವ ತನಕ ನಾಲಗೆಗೆ ತಾಗಿಸಬಾರದು. ಇದೂ ಹಾಗೆಯೇ ಇರಬೇಕು ಎಂದುಕೊಂಡಳು.

"ಅವ್ವ, ಶುರು ಹೇಗೆ ಮಾಡುದು?" ಎಂದು ಮಗಳು ಕೇಳಿದರೆ ದನದ ಹಟ್ಟಿಗೆ ನಡೆದಳು. "ಇಷ್ಟು ಸರಿ ಉಂಟಾ ಕೇಳು," ಎಂದರೆ ಕಿವಿ ಮುಚ್ಚಿಕೊಂಡಳು. "ನಂಗೆ ಓದಿ ಹೇಳ್ಬೇಡ. ನಾನು ಮುಟ್ಟುದಿಲ್ಲ."

ಬರೆದದ್ದನ್ನೆಲ್ಲ ಅಳಿಸಿ ಅಳಿಸಿ, ಭಾನುವಾರವಾದರೂ ಹಾಳೆ ಖಾಲಿ. ದಮಯಂತಿ ಅತ್ತುಬಿಟ್ಟಳು. "ನನ್ನನ್ನು ಸುಳ್ಯಕ್ಕೆ ಕಳ್ಸ್ಲಿಕ್ಕೆ ನಿಂಗೆ ಮನಸ್ಸಿಲ್ಲ! ಅದಕ್ಕೇ ಹೀಗೆ ಮಾಡುದು!"

ದುಗ್ಗಮ್ಮ ದಂಗಾದಳು. ಹೇಳಿಕೊಟ್ಟದ್ದೂ ತಪ್ಪಾಯಿತು, ಬಿಟ್ಟದ್ದೂ ತಪ್ಪಾಯಿತು. ಏನೂ ತೋಚದೆ ಮಗಳ ಪಕ್ಕದಲ್ಲಿ ಕುಳಿತಳು.

"ನೆಂಟರು ಅಂದ್ರೆ ಯಾರನ್ನು ಬರೀತಿ?"

"ಮೊನ್ನೆ ಬಂದ ಕುಕ್ಕಪ್ಪ ಮಾವ."

"ನಾನು ಅಡುಗೆಮನೆಯಲ್ಲಿದ್ದೆ, ಜಗಲಿಯಲ್ಲಿ ಎಂತಾಯ್ತು ಗೊತ್ತಿಲ್ಲ. ಹೇಳು."

ದಮಯಂತಿ ಹೇಳತೊಡಗಿದಳು. ಮಾವ ಕೊಡೆ ಮಡಚಿದ್ದು, ನಾಯಿಗೆ ಹೆದರಿದ್ದು. ಹೇಳುತ್ತಾ ನಕ್ಕಳು, ನಗುತ್ತಾ ಬರೆದಳು. ತಡವರಿಸಿದಾಗ ದುಗ್ಗಮ್ಮನ ಬಾಯಲ್ಲಿ ಚಂದದ ವಾಕ್ಯವೊಂದು ಸಿದ್ಧವಾಗುತ್ತಿತ್ತು. ಅದನ್ನು ನುಂಗಿಕೊಂಡು, "ಮತ್ತೆಂತ ಆಯ್ತು?" ಎಂದಷ್ಟೇ ಕೇಳಿದಳು.

ಮುಗಿದ ಮೇಲೆ ಮಗಳು ಓದಿದಳು: "ಕುಕ್ಕಪ್ಪ ಮಾವ ಗೇಟಿನ ಹತ್ತಿರ ಕಂಡ ಕೂಡಲೇ ನಮ್ಮ ಅವ್ವ ಕೋಳಿಸಾರಿನ ಪಾತ್ರೆಯನ್ನು ಅಟ್ಟದಲ್ಲಿಟ್ಟು ಬಸಳೆ ಸಾರು ಬಡಿಸಿದರು."

ದುಗ್ಗಮ್ಮನ ಮುಖ ಕೆಂಪಾಯಿತು. "ಇದನ್ನೆಲ್ಲ ಬರೆಯುದಾ?"

"ನಡೆದದ್ದಲ್ವಾ?"

"ನಡೆದದ್ದು ಹೌದು..."

"ತೆಗಿಯುದಾ ಅವ್ವ?"

ತೆಗೆ ಎಂದರೆ ಪ್ರಬಂಧ ಮತ್ತೆ ತನ್ನದಾಗುತ್ತದೆ. ಇರಲಿ ಎಂದರೆ ಮನೆಯ ಮಾನ ಹೋಗುತ್ತದೆ. ದೇವರ ದೀಪದ ಕಡೆ ನೋಡಿದಳು.

"ಬರ್ದವಳು ನೀನು. ನಂಗೆ ಗೊತ್ತಿಲ್ಲ," ಎಂದಳು. ದಮಯಂತಿ ತೆಗೆಯಲಿಲ್ಲ.

ಸೋಮವಾರ ಸಂಜೆ ಮಾಸ್ಟ್ರು ನಗುತ್ತಲೇ ಜಗಲಿ ಹತ್ತಿದರು. "ಕುಶಾಲಪ್ಪ, ತಪ್ಪು ಬೇಕಾದಷ್ಟುಂಟು. ಆದ್ರೆ ಇವಳೇ ಬರ್ದದ್ದು, ಸಂಶಯ ಇಲ್ಲ. ಯಾವ ತಾಯಿ ಇದನ್ನು ಹೇಳಿಕೊಡ್ತಾಳೆ? ಧೈರ್ಯದಲ್ಲಿ ಸುಳ್ಯಕ್ಕೆ ಕಳ್ಸು."

ಕುಶಾಲಪ್ಪ ಓದಿದ. "ಕಳ್ಸುವ," ಎಂದು ಒಳಗೆ ತಿರುಗಿದ. "ಅಲ್ಲ ಮಾರಾಯ್ತಿ, ಅವತ್ತು ನಂಗೂ ಬಸಳೆಯೇ ಬಡಿಸಿದ್ದಲ್ವಾ ನೀನು?"

ಬಾಗಿಲ ಹಿಂದೆ ನಿಂತಿದ್ದ ದುಗ್ಗಮ್ಮನಿಗೆ ಮಗಳನ್ನು ಅಪ್ಪಿಕೊಳ್ಳಬೇಕೋ, ಅಡಗಿಕೊಳ್ಳಬೇಕೋ ತಿಳಿಯಲಿಲ್ಲ.