ನಿಘಂಟಿಗೊಬ್ಬಳು ದಡ್ಡಿ ಬೇಕಾಗಿತ್ತು

ನನ್ನ ಗಂಡನಿಗೆ ಬೀದಿಯವರು ಇಟ್ಟ ಹೆಸರು ‘ಅರ್ಥದ ಮೇಷ್ಟ್ರು’. ಮೇಷ್ಟ್ರೂ ಅಲ್ಲ, ಮಣ್ಣೂ ಅಲ್ಲ. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ಕೆಲಸ. ಮನೆಗೆ ಬಂದರೆ ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆಯುವ ಹುಚ್ಚು. ಪದಕ್ಕೊಂದು ಕಾರ್ಡು, ಮುಂದೆ ಇಂಗ್ಲಿಷ್ ಪದ, ಹಿಂದೆ ಅರ್ಥ. ಹನ್ನೊಂದು ವರ್ಷದಲ್ಲಿ ಮಂಚದ ಕೆಳಗೆಲ್ಲ ಕಾರ್ಡು ತುಂಬಿದ ಬೂಟಿನ ಡಬ್ಬಗಳೇ ಆಗಿ, ನನ್ನ ಬಟ್ಟೆಯ ಟ್ರಂಕು ಅಡಿಗೆಮನೆಗೆ ಬಂದು ಕೂತಿತು.

ಬರೆದ ಅರ್ಥ ಸರಿಯಿದೆಯೇ ಎಂದು ನೋಡಲು ಅವರದೇ ಒಂದು ಪದ್ಧತಿ. ಇಂಗ್ಲಿಷ್ ಬಾರದವರಿಗೆ ಅರ್ಥವನ್ನಷ್ಟೇ ಓದಿ ಹೇಳುವುದು. ಅದೇನೆಂದು ಅವರು ತಮ್ಮ ಮಾತಿನಲ್ಲಿ ಹೇಳಿದರೆ ಕಾರ್ಡು ಪಾಸು, ತಡವರಿಸಿದರೆ ಮತ್ತೆ ಬರೆಯುವುದು. ಆ ಬಾರದವರು ಯಾರು? ಇನ್ಯಾರು, ಏಳನೆಯ ತರಗತಿಗೇ ಶಾಲೆ ಬಿಡಿಸಿಕೊಂಡ ನಾನು.

“ಲೇ, ಕೇಳಿಲ್ಲಿ. ಮಳೆ ಬಿಸಿಲಿನಿಂದ ರಕ್ಷಣೆಗಾಗಿ ತಲೆಯ ಮೇಲೆ ಹಿಡಿಯುವ, ಮಡಚಬಹುದಾದ ಸಾಧನ.”

“ಕೊಡೆ ಅನ್ನೋಕೆ ಇಷ್ಟುದ್ದ ಯಾಕ್ರೀ? ಕೊಡೆ ಅಂತ ಬರೀರಿ. ಒಲೆ ಮೇಲೆ ಹಾಲಿದೆ.”

ದಿನಾ ಬೆಳಿಗ್ಗೆ ಇದೇ ಗೋಳು. ಕೊಡೆ, ಬಾಗಿಲು, ಬಕೆಟ್ಟು ಆದರೆ ಸರಿ. ಕೆಲವು ಪದಗಳಂತೂ ಯಾವ ಜನ್ಮದಲ್ಲೂ ಯಾರೂ ಆಡದಂಥವು. ರಾಜರ ಕಾಲದ ಕುದುರೆಯ ಜೀನಿಗೆ ಕಟ್ಟುವ ಪಟ್ಟಿಯ ಹೆಸರು ಕಟ್ಟಿಕೊಂಡು ನನಗೇನಾಗಬೇಕು? ತಲೆ ಚಿಟ್ಟು ಹಿಡಿಯುತ್ತಿತ್ತು.

ಆದರೂ ಆಸೆ ಅಂತ ಒಂದಿತ್ತು. ‘ಸಿ’ ಅಕ್ಷರದ ಹೊತ್ತಿಗೆ ಬಾಯಿಬಿಟ್ಟು ಕೇಳಿಯೇಬಿಟ್ಟೆ. “ರೀ, ನನಗೂ ಇಂಗ್ಲಿಷ್ ಹೇಳಿಕೊಡ್ರೀ. ಔಷಧಿ ಬಾಟಲಿ ಮೇಲೆ ಏನಿದೆ ಅಂತಾನೂ ಓದೋಕೆ ಬರಲ್ಲ.”

ಅವರು ಗಾಬರಿಯಾದರು. “ಅಯ್ಯೋ, ಬೇಡ ಬೇಡ! ನೀನು ಕಲಿತುಬಿಟ್ರೆ ನಾನು ಯಾರನ್ನ ಕೇಳಲಿ? ಪುಸ್ತಕ ಮುಗೀಲಿ, ಆಮೇಲೆ ನೋಡೋಣ.”

ಮೈಯೆಲ್ಲ ಉರಿಯಿತು. ಅವರ ಪುಸ್ತಕ ಓದಿ ಊರವರೆಲ್ಲ ಕಲಿಯಬೇಕು, ನಾನೊಬ್ಬಳು ಮಾತ್ರ ಕಲಿಯಬಾರದು! ಅವರು ಪ್ರೆಸ್ಸಿಗೆ ಹೋದ ಮೇಲೆ ಡಬ್ಬ ತೆಗೆದು ಕೂತೆ. ಶಾಲೆಯ ಎಬಿಸಿಡಿ ಮಾಸಿಹೋಗಿತ್ತು, ಹಳೆ ಪಾತ್ರೆಯ ಹಾಗೆ ತಿಕ್ಕಿ ತಿಕ್ಕಿ ಬೆಳಗಿದೆ. ಕಾರ್ಡು ಮುಗಿದ ಮೇಲೆ ಅವರ ಇಂಗ್ಲಿಷ್ ಪತ್ರಿಕೆಗಳು, ಆಮೇಲೆ ಅವರ ದೊಡ್ಡ ಡಿಕ್ಷನರಿ. ಬೆಳಿಗ್ಗೆ ಮಾತ್ರ ಮತ್ತೆ ದಡ್ಡಿಯಾಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಗೊತ್ತಿದ್ದೂ ಗೊತ್ತಿಲ್ಲದವಳ ಮುಖ ಮಾಡುವುದು ಎಂಥ ಹಿಂಸೆ ಅಂತ ಮಾಡಿದವರಿಗೇ ಗೊತ್ತು.

ಕೊನೆಗೆ, ನಿಘಂಟನ್ನು ಅಚ್ಚು ಹಾಕಲು ಒಪ್ಪಿದ್ದ ಪ್ರೆಸ್ಸಿನ ಯಜಮಾನರ ತಾಳ್ಮೆ ಕೆಟ್ಟಿತು. ಶುಕ್ರವಾರದೊಳಗೆ ಡಬ್ಬಗಳೆಲ್ಲ ಬರಬೇಕು, ಇಲ್ಲದಿದ್ದರೆ ಬೇರೆಯವರಿಂದ ಬರೆಸುತ್ತೇನೆ ಎಂದುಬಿಟ್ಟರು. ಬುಧವಾರ ಬೆಳಿಗ್ಗೆ ನಾವು ‘ವಿ’ಯಲ್ಲಿದ್ದೆವು.

“ಇದೋ ಅದೋ ಎಂದು ತೀರ್ಮಾನಕ್ಕೆ ಬಾರದೆ...”

“ವ್ಯಾಸಿಲೇಟ್. ಮುಂದಿನದು ಓದ್ರೀ, ಹೊತ್ತಾಯ್ತು.”

ಬಾಯಿ ತಪ್ಪಿ ಬಂದುಬಿಟ್ಟಿತ್ತು. ಅವರು ಕಾರ್ಡು ತಿರುಗಿಸಿ ನೋಡಿದರು, ನನ್ನನ್ನು ನೋಡಿದರು.

“ಯಾವಾಗಿಂದ?”

“ಎಚ್‌ನಿಂದ ಚೆನ್ನಾಗಿ ಬರುತ್ತೆ.”

“ಎಚ್‌ನಿಂದ ಇಲ್ಲೀವರೆಗೆ ಎಲ್ಲಾ ಹಾಳಾಯ್ತಲ್ಲೇ! ಇಷ್ಟು ವರ್ಷ ನನಗೆ ಮೋಸ ಮಾಡಿದ್ಯಾ? ಇನ್ನು ಯಾರಾದ್ರೂ ಬಾರದವರನ್ನ ಹುಡುಕಿ ಮೊದಲಿಂದ...”

“ಹುಡುಕಿ! ಹೋಗಿ ಹುಡುಕಿ!” ಕೈಯಲ್ಲಿದ್ದ ಸೌಟನ್ನು ಕಟ್ಟೆಯ ಮೇಲೆ ಕುಕ್ಕಿದೆ. “ನಿಮ್ಮ ನಿಘಂಟಿಗೊಬ್ಬಳು ದಡ್ಡಿ ಬೇಕಾಗಿತ್ತು, ಹನ್ನೊಂದು ವರ್ಷ ದಡ್ಡಿಯಾಗಿ ನಿಂತೆ. ರಿಲಕ್ಟೆಂಟ್ ಅನ್ನೋದಕ್ಕೆ ಸೋಮಾರಿ ಅಂತ ಬರೆದಿದ್ದೀರಲ್ಲ, ತಪ್ಪು ಅಂತ ನನಗೆ ಗೊತ್ತಿತ್ತು. ಸೋಮಾರಿ ಕೆಲಸ ಮಾಡಲ್ಲ. ರಿಲಕ್ಟೆಂಟ್ ಅಂದ್ರೆ ಮನಸ್ಸಿಲ್ಲದಿದ್ರೂ ಮಾಡೋರು, ನನ್ನ ಥರ. ಅಂಥವು ಇನ್ನೂ ಎಷ್ಟೋ ಇವೆ. ಹೇಳೋ ಹಾಗಿರಲಿಲ್ಲ, ಹೇಳಿದ್ರೆ ಸಿಕ್ಕಿಬೀಳ್ತಿದ್ದೆ.”

ಅವರು ತಲೆಯ ಮೇಲೆ ಕೈ ಹೊತ್ತು ಕೂತರು. ಪ್ರೆಸ್ಸಿಗೂ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಡಿಗೆಮನೆಗೆ ಬಂದು, “ಉಳಿದ ತಪ್ಪುಗಳು ಯಾವುವು?” ಎಂದರು. ಆ ದಿನ, ಮಾರನೆಯ ದಿನ, ಇಬ್ಬರೂ ಡಬ್ಬಗಳ ನಡುವೆಯೇ ಕೂತು ‘ಝಡ್’ವರೆಗೂ ಮುಗಿಸಿದೆವು. ಮೂವತ್ತೆಂಟು ಅರ್ಥ ತಿದ್ದಿಸಿದೆ. ಒಂದೊಂದಕ್ಕೂ ಅವರು ಜಗಳ ಆಡಿದರು, ಒಂದೊಂದಕ್ಕೂ ಸೋತರು. ಶುಕ್ರವಾರ ಡಬ್ಬಗಳು ಹೋದವು.

ತಿಂಗಳಾದ ಮೇಲೆ ಒಂದು ದಿನ ಅವರು ರಜೆ ಹಾಕಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಮುನ್ನುಡಿಯ ಪ್ರೂಫ್ ಹಿಡಿದು ಪ್ರೆಸ್ಸಿನ ಮೆಷಿನ್‌ನವನು ಬಂದ.

“ಮೇಷ್ಟ್ರು ಇಲ್ವಾ ಅಮ್ಮಾ? ಈಗಲೇ ಮೆಷಿನ್‌ಗೆ ಹಾಕ್ಬೇಕಲ್ಲ.”

“ಕೊಡಿ, ನಾನು ನೋಡ್ತೀನಿ.”

ಪ್ರೆಸ್ಸಿನ ಯಜಮಾನರಿಗೆ ಒಂದು ಪ್ಯಾರಾ ಕೃತಜ್ಞತೆ. ಅಕ್ಷರ ಜೋಡಿಸಿದವರಿಗೆ ನಾಲ್ಕು ಸಾಲು. ಕಟ್ಟಕಡೆಗೆ, ‘ತಾಳ್ಮೆಯಿಂದ ಸಹಕರಿಸಿದ ನನ್ನ ಮನೆಯವರಿಗೂ ವಂದನೆಗಳು.’ ಎರಡು ಸಲ ಓದಿದೆ. ಅವರ ಮೇಜಿನಿಂದ ಕೆಂಪು ಪೆನ್ನು ತಂದು ‘ತಾಳ್ಮೆಯಿಂದ ಸಹಕರಿಸಿದ’ ಎಂಬುದನ್ನು ಹೊಡೆದುಹಾಕಿ, ಮೇಲೆ ದುಂಡಗೆ ಬರೆದೆ: ‘ಮೂವತ್ತೆಂಟು ಅರ್ಥಗಳನ್ನು ತಿದ್ದಿದ’.

ಅವನು ಓದಿ ತಲೆ ಕೆರೆದುಕೊಂಡ. “ಮೇಷ್ಟ್ರು ಒಪ್ಕೋತಾರಾ ಅಮ್ಮಾ?”

“ಪ್ರೂಫಲ್ಲಿ ಇದ್ದದ್ದು ತಪ್ಪು, ತಿದ್ದಿದ್ದೀನಿ,” ಎಂದೆ. “ತಗೊಂಡು ಹೋಗಿ, ಅಚ್ಚು ಹಾಕಿ.”