ವಾಪಸ್ ತೆಗೆದುಕೊಂಡ ಆಣೆ

ಶಹನಾಜ್ ಮೇಡಂ ಅವರ ಕಪ್ಪು ಬುರ್ಖಾದ ಮೇಲೆ ಯಾವಾಗಲೂ ಜೋಳದ ಹಿಟ್ಟು ಇರುತ್ತಿತ್ತು. ಕಮಲಾಪುರದ ನಮ್ಮ ಹಿಟ್ಟಿನ ಗಿರಣಿಗೆ ಬಂದವರು ಹೋಗುವಾಗ ಬಟ್ಟೆ ಝಾಡಿಸಿಕೊಳ್ಳುವುದು ವಾಡಿಕೆ. ಇವರು ಹಾಗೆಯೇ ಹೋಗಿ ಬಸ್ ಹತ್ತುತ್ತಿದ್ದರು.

"ಝಾಡಿಸ್ಕೊಳ್ರೀ ಮೇಡಂ, ನಿಮ್ಮ ಮೋಮಿನಪುರದಾಗ ಮಂದಿ ನಗತಾರ" ಎಂದು ನಾನು ಹೇಳಿದರೆ, "ನಗಲಿ ಬಿಡ್ರಿ ಮಾದೇವಕ್ಕ. ದಿನಾ ಮಂದಿ ಅಳೂದೇ ಕೇಳ್ತೀನಿ, ನಗೂದೂ ಒಂದಿಷ್ಟು ಕೇಳ್ತೀನಿ" ಅನ್ನುತ್ತಿದ್ದರು.

ಅವರು ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಮನೋರೋಗ ವಿಭಾಗದ ಆಪ್ತಸಮಾಲೋಚಕಿ. ಪ್ರತಿ ಗುರುವಾರ ನಮ್ಮೂರಿಗೆ ಬಂದು, ಆತ್ಮಹತ್ಯೆಯ ವಿಚಾರ ಮಾಡುವವರನ್ನು ಗುರುತಿಸುವುದು ಹೇಗೆ, ಅವರ ಜೊತೆ ಮಾತಾಡುವುದು ಹೇಗೆ ಎಂದು ಜನರಿಗೆ ಹೇಳಿಕೊಡುತ್ತಿದ್ದರು. ಮೊದಲ ಸಭೆ ಸಮುದಾಯ ಭವನದಲ್ಲಿ ಇಟ್ಟರು. ಬಂದವರು ಏಳು ಜನ, ಅದರಲ್ಲಿ ಇಬ್ಬರು ನೆರಳಿಗೆ ಬಂದವರು. ಆಮೇಲೆ ಗಿರಣಿಗೆ ಬಂದು ಕೂತರು. ಗಿರಣಿಯ ಸದ್ದಿನಲ್ಲಿ ಪಕ್ಕದವಳಿಗೂ ಕೇಳುವುದಿಲ್ಲವೆಂಬ ಧೈರ್ಯಕ್ಕೆ ಹೆಂಗಸರು ಮನಸ್ಸಿನದನ್ನು ಹೇಳಿಕೊಳ್ಳುತ್ತಾರೆ. ಅದು ತಿಳಿಯಲು ನನಗೆ ವರ್ಷಗಳೇ ಹಿಡಿದಿದ್ದವು, ಅವರಿಗೆ ಒಂದೇ ದಿನ ಸಾಕಾಯಿತು.

"ಸಾಯಬೇಕು ಅನಸ್ತದೇನು ಅಂತ ಬಾಯಿ ಬಿಟ್ಟು ಕೇಳ್ರಿ. ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ಹೊಗಂಗಿಲ್ಲ. ಕೇಳಿ ಸುಮ್ಮ ಕೂಡ್ರಿ" ಎಂದು ಕಲಿಸಿದರು. ಕೇಳುವುದು ನನಗೆ ಬಂತು. ಸುಮ್ಮನೆ ಕೂಡುವುದು ನನ್ನ ಜಾತಕದಲ್ಲೇ ಇಲ್ಲ.

ನಮ್ಮ ಓಣಿಯ ಕಸ್ತೂರಿ ಎರಡು ತಿಂಗಳಿಂದ ಸೊರಗಿದ್ದಳು. ಒಂದು ಬುಧವಾರ ಐದು ವರ್ಷದ ಮಗಳನ್ನು ಕರೆದುಕೊಂಡು ಬಂದವಳು, ಜೋಳದ ಬುಟ್ಟಿಯ ಜೊತೆ ತನ್ನ ಹೊಸ ಇಳಕಲ್ ಸೀರೆಯನ್ನೂ ಇಳಿಸಿ, "ಅಕ್ಕಾ, ಇದು ನೀನ ಉಟ್ಕೋ. ನನಗಿನ್ನ ಬ್ಯಾಡ" ಅಂದಳು. ಇಷ್ಟದ ವಸ್ತು ಕೊಟ್ಟುಬಿಡುವುದು, ಮೇಡಂ ಹೇಳಿದ ಲಕ್ಷಣ ಇದೇ ಎಂದು ಹೊಳೆಯಿತು. ಕೇಳಿಯೇಬಿಟ್ಟೆ. ಅವಳು ಹೌದೆಂದು ತಲೆ ಆಡಿಸಿದಳು. ನನಗೆ ಗಾಬರಿಯಾಗಿ, ಅವಳ ಕೈಯನ್ನು ಮಗಳ ತಲೆಯ ಮೇಲೆ ಇಡಿಸಿ, "ಅಂಥಾದ್ದು ಮಾಡಂಗಿಲ್ಲ ಅಂತ ಇಕಿ ಮ್ಯಾಲ ಆಣಿ ಮಾಡು" ಅಂದೆ. ಮಾಡಿದಳು. ಹಿಟ್ಟು ಬೀಸಿ ಕಳಿಸಿದೆ. ಒಂದು ಜೀವ ಉಳಿಸಿದೆನೆಂದು ಆ ದಿನವೆಲ್ಲ ಬೀಗಿದೆ.

ಮರುದಿನ ಮೇಡಂಗೆ ಇದನ್ನು ಹೆಮ್ಮೆಯಿಂದಲೇ ಹೇಳಿದೆ. ಅವರು ಚಹಾ ಅರ್ಧಕ್ಕೇ ಇಟ್ಟರು.

"ಆಣಿ ಹಾಕ್ಸಿ ಕಳಿಸಿದ್ರೇನ್ರಿ? ಯಾ ಅಲ್ಲಾ! ಮತ್ತ ಆ ವಿಚಾರ ಬಂದ್ರ ಅಕಿ ಯಾರಿಗೆ ಹೇಳಬೇಕು? ಹೇಳಿದ್ರ ಮಗಳಿಗೆ ತಟ್ತದ ಅಂತ ಬಾಯಿ ಮುಚ್ಕೊಂಡು ಕೂಡ್ತಾಳ."

ಇಬ್ಬರೂ ಕಸ್ತೂರಿಯ ಮನೆಗೆ ಹೊರಟೆವು. ಎಂದೂ ಅವಸರ ಮಾಡದ ಹೆಂಗಸು ಅಂದು ನಡೆದ ವೇಗಕ್ಕೆ ನಾನು ಓಡಬೇಕಾಯಿತು.

ಕಸ್ತೂರಿ ಅಂಗಳದಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ನೋಡಿದ್ದೇ ನನಗೆ ಅಳು ಬಂತು. ಮೇಡಂ ನೆಲಕ್ಕೆ ಕೂತು ವಿಚಾರಿಸಿದರೆ, ಮಗಳ ತಲೆ ಸವರುತ್ತ "ಏನಿಲ್ರಿ, ಆಣಿ ಮಾಡೀನಲ್ಲ" ಎಂದಳು. ಮೇಡಂ ನನ್ನ ಕಡೆ ತಿರುಗಿದರು. "ಹಾಕ್ಸಿದವರೇ ಬಿಡಸ್ಬೇಕಲ್ರಿ."

ನಾನು ಅವಳ ಕೈ ಹಿಡಿದೆ. "ನಿನ್ನ ಆಣಿ ನಾ ವಾಪಸ್ ತಗೊಂಡೀನವ್ವ. ಮಗಳಿಗೆ ಏನೂ ತಟ್ಟಂಗಿಲ್ಲ. ಅನಸಿದ್ರ ಅನಸ್ತದ ಅಂತ ಹೇಳು."

ಮೇಡಂ ತಮ್ಮ ಅಂಗೈ ನೋಡುತ್ತ ಕೂತರು. ನಾನು ನಾಲಿಗೆ ಕಚ್ಚಿ ಹಿಡಿದೆ. ಬಹಳ ಹೊತ್ತಿನ ಮೇಲೆ ಕಸ್ತೂರಿ, "ರಾತ್ರಿಪೂರಾ ಅದೇ ವಿಚಾರ ಇತ್ರಿ" ಎಂದು ಬಾಯಿ ತೆರೆದಳು. ಆ ಮಧ್ಯಾಹ್ನವೇ ಮೇಡಂ ಅವಳನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಕಲಬುರಗಿಗೆ ಹೋದರು. ಔಷಧ ಶುರುವಾಯಿತು, ವಾರ ವಾರ ಮಾತು ನಡೆಯಿತು. ಇಳಕಲ್ ಸೀರೆ ದೀಪಾವಳಿಗೆ ಅವಳ ಮೈಮೇಲೆಯೇ ಇತ್ತು. ನನ್ನನ್ನು ಮೇಡಂ ಒಂದು ಮಾತೂ ಬೈಯಲಿಲ್ಲ. "ಅರ್ಧಾ ಕೆಲಸ ನೀವ ಮಾಡೀರಿ. ಕೇಳಿದ್ರಲ್ಲ" ಅಂದರು. ಬೈದಿದ್ದರೇ ವಾಸಿ ಇತ್ತು.

ಹೋದ ವರ್ಷ ಅವರಿಗೆ ರಾಯಚೂರಿಗೆ ವರ್ಗವಾಯಿತು. ಕೊನೆಯ ಗುರುವಾರ ಚಹಾ ಪೂರ್ತಿ ಕುಡಿದು, ಹಿಟ್ಟು ಝಾಡಿಸಿಕೊಳ್ಳದೆಯೇ ಹೋದರು. ಗುರುವಾರ ಬಂದರೆ ಈಗಲೂ ನನಗೆ ಬಿಕೋ ಅನಿಸುತ್ತದೆ.

ಮೊನ್ನೆ ಕಸ್ತೂರಿ ಬಂದಳು. ಬುಟ್ಟಿ ಇಳಿಸಿ, ಗಿರಣಿಯ ಸದ್ದನ್ನೂ ಮೀರಿ ಕೇಳುವಂತೆ, "ಅಕ್ಕಾ, ಮತ್ತ ಆ ವಿಚಾರ ಬರ್ಲಾಕತ್ತದ" ಅಂದಳು. ಮೇಡಂ ಇಲ್ಲ. ಗಿರಣಿ ಬಂದ್ ಮಾಡಿ, ಸರದಿಯಲ್ಲಿದ್ದವರಿಗೆ ನಾಳೆ ಬರ್ರಿ ಎಂದೆ. ಅವಳ ಪಕ್ಕ ನೆಲಕ್ಕೆ ಕೂತೆ. ಅವಳು ಹೇಳಿ ಮುಗಿಸುವವರೆಗೆ ಒಂದು ಮಾತೂ ಆಡಲಿಲ್ಲ.

ಆಮೇಲೆ ಇಬ್ಬರೂ ಕಲಬುರಗಿ ಬಸ್ ಹತ್ತಿದೆವು. ಕಂಡಕ್ಟರ್ ನನ್ನ ಸೀರೆ ನೋಡಿ, "ಏನ್ರೀ ಅಕ್ಕಾ, ಹಿಟ್ಟಾದ್ರೂ ಝಾಡಿಸ್ಕೊಂಡು ಬರಬಾರದಾ?" ಎಂದು ನಕ್ಕ.

"ನಗು ಬಿಡಪ್ಪ" ಎಂದೆ. "ದವಾಖಾನಿಗೆ ಎರಡು ಟಿಕೀಟ್ ಕೊಡು."